ಚರ್ಚ್ ಅಳಿಸಿತು, ಒಬ್ಬನೇ ಉಳಿಸಿದ: ಲುಕ್ರೇಷಿಯಸ್ ಕಾವ್ಯದ ಈ ಕಥೆ ಎಷ್ಟು ನಿಜ?

ಹಳೆಯ ಪುಸ್ತಕಗಳ ಬಗ್ಗೆ ಆಸಕ್ತಿ ಇರುವವರು ಈ ಕಥೆಯನ್ನು ಒಂದಲ್ಲ ಒಂದು ಕಡೆ ಕೇಳಿರುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಕವಿಯೊಬ್ಬ ಜಗತ್ತೆಲ್ಲ ಪರಮಾಣುಗಳಿಂದ ಆಗಿದೆ ಎಂದು ದೊಡ್ಡದೊಂದು ಕಾವ್ಯ ಬರೆದ. ದೇವರಿಗೆ ಹೆದರಬೇಕಿಲ್ಲ, ಸತ್ತ ಮೇಲೆ ನರಕವೂ ಇಲ್ಲ ಎಂದ. ಸಿಟ್ಟಾದ ಚರ್ಚ್ ಅದರ ಪ್ರತಿಗಳನ್ನು ಹುಡುಕಿ ಹುಡುಕಿ ನಾಶ ಮಾಡಿತು. ಸಾವಿರ ವರ್ಷ ಆ ಕಾವ್ಯದ ಸುದ್ದಿಯೇ ಇರಲಿಲ್ಲ. 1417ರಲ್ಲಿ ಒಬ್ಬ ಪುಸ್ತಕಪ್ರೇಮಿ ಮಠವೊಂದರ ಧೂಳಿನಿಂದ ಅದರ ಕಟ್ಟಕಡೆಯ ಪ್ರತಿಯನ್ನು ಎತ್ತಿ ತಂದ. ಅಲ್ಲಿಂದ ಆಧುನಿಕ ಯುಗ ಶುರುವಾಯಿತು.

ಕೇಳಲು ಚೆನ್ನಾಗಿದೆ. ಖಳನಿದ್ದಾನೆ, ನಾಯಕನಿದ್ದಾನೆ, ಕೊನೆಗೆ ಒಳ್ಳೆಯದೇ ಆಗುತ್ತದೆ. ಆದರೆ ಉಳಿದಿರುವ ಹಸ್ತಪ್ರತಿಗಳನ್ನೂ ಅಚ್ಚಾದ ಪುಸ್ತಕಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಈ ಕಥೆಯ ಅರ್ಧ ಭಾಗ ಮಾತ್ರ ನಿಲ್ಲುತ್ತದೆ. ಯಾವ ಅರ್ಧ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಇದು ಯಾವ ಕಾವ್ಯ?

ಕವಿಯ ಹೆಸರು ಲುಕ್ರೇಷಿಯಸ್. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಬದುಕಿದ್ದ. ಕಾವ್ಯದ ಹೆಸರು ‘ಡೆ ರೇರುಮ್ ನಾತೂರಾ’, ಅಂದರೆ ‘ವಸ್ತುಗಳ ಸ್ವಭಾವವನ್ನು ಕುರಿತು’. ಆರು ಭಾಗಗಳು, ಸುಮಾರು 7,400 ಸಾಲುಗಳು. ಹೋಮರ್ ಮತ್ತು ವರ್ಜಿಲ್ ತಮ್ಮ ಮಹಾಕಾವ್ಯಗಳಿಗೆ ಬಳಸಿದ ಛಂದಸ್ಸೇ ಇದಕ್ಕೂ ಇದೆ. ಆದರೆ ಇದರಲ್ಲಿ ಯುದ್ಧವೂ ಇಲ್ಲ, ರಾಜಕುಮಾರನೂ ಇಲ್ಲ. ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ವಿಚಾರಗಳೇ ಇದರ ವಸ್ತು.

ಎಲ್ಲವೂ ಕಣ್ಣಿಗೆ ಕಾಣದ, ಒಡೆಯಲಾಗದ ಸಣ್ಣ ಕಣಗಳಿಂದ ಆಗಿದೆ ಎಂಬುದು ಕಾವ್ಯದ ಮುಖ್ಯ ವಾದ. ಲುಕ್ರೇಷಿಯಸ್ ಅವುಗಳನ್ನು ‘ಬೀಜಗಳು’, ‘ಮೊದಲ ವಸ್ತುಗಳು’ ಎಂದು ಕರೆಯುತ್ತಾನೆ. ಕತ್ತಲೆ ಕೋಣೆಗೆ ಬಿದ್ದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಕುಣಿಯುವುದನ್ನು ತೋರಿಸಿ, ಕಾಣದ ಕಣಗಳೂ ಹೀಗೆಯೇ ಚಲಿಸುತ್ತವೆ ಎನ್ನುತ್ತಾನೆ. ಇದನ್ನು ಹಿಡಿದುಕೊಂಡು ‘ಲುಕ್ರೇಷಿಯಸ್‌ಗೆ ಆಧುನಿಕ ಭೌತವಿಜ್ಞಾನ ಗೊತ್ತಿತ್ತು’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಬಿಸಿಲಿನಲ್ಲಿ ನಮಗೆ ಕಾಣುವ ಧೂಳು ಕುಣಿಯುವುದು ಬಹುಪಾಲು ಗಾಳಿಯ ಓಡಾಟದಿಂದ. ಅವನ ಕೈಯಲ್ಲಿದ್ದದ್ದು ಪ್ರಯೋಗದ ಫಲಿತಾಂಶವಲ್ಲ, ಒಂದು ಒಳ್ಳೆಯ ಊಹೆ ಮತ್ತು ಅದಕ್ಕೆ ತಕ್ಕ ಹೋಲಿಕೆ.

ದೇವರುಗಳೇ ಇಲ್ಲ ಎಂದೂ ಅವನು ಹೇಳಿಲ್ಲ. ದೇವರುಗಳಿದ್ದಾರೆ, ಆದರೆ ಮನುಷ್ಯರ ವ್ಯವಹಾರಕ್ಕೆ ಕೈ ಹಾಕುವುದಿಲ್ಲ, ಹಾಗಾಗಿ ಹೆದರಬೇಡಿ ಎಂಬುದು ಅವನ ಮಾತು.

ಲುಕ್ರೇಷಿಯಸ್ ವಶೀಕರಣದ ಮದ್ದು ಕುಡಿದು ಹುಚ್ಚನಾದ, ಹುಚ್ಚು ಇಳಿದಾಗಲೆಲ್ಲ ಕಾವ್ಯ ಬರೆದ, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ ಎಂಬ ಇನ್ನೊಂದು ಕಥೆಯೂ ಇದೆ. ಇದು ಸಂತ ಜೆರೋಮ್‌ನ ಬರಹದಿಂದ ಬಂದದ್ದು. ಜೆರೋಮ್ ಇದನ್ನು ಬರೆದದ್ದು ಕವಿ ಸತ್ತು ನಾಲ್ಕು ಶತಮಾನಗಳಾದ ಮೇಲೆ. ಕವಿಯ ಕಾಲದವರು ಯಾರೂ ಈ ಮಾತು ಹೇಳಿಲ್ಲ. ಜೆರೋಮ್‌ಗಿಂತ ಮೊದಲು ಲುಕ್ರೇಷಿಯಸ್‌ನನ್ನು ಕಟುವಾಗಿ ಟೀಕಿಸಿದ ಕ್ರೈಸ್ತ ಲೇಖಕ ಲಾಕ್ಟಾನ್ಷಿಯಸ್ ಕೂಡ ಮದ್ದಿನ ಸುದ್ದಿ ಎತ್ತಿಲ್ಲ. ಎದುರಾಳಿಗೆ ಇಷ್ಟು ಒಳ್ಳೆಯ ಆಯುಧ ಸಿಕ್ಕಿದ್ದರೆ ಬಿಡುತ್ತಿದ್ದನೇ?

ಪುಸ್ತಕಗಳು ಹೇಗೆ ಸಾಯುತ್ತವೆ?

ಪುಸ್ತಕ ಕಳೆದುಹೋಯಿತು ಎಂದ ಕೂಡಲೇ ನಮಗೆ ಬೆಂಕಿ ನೆನಪಾಗುತ್ತದೆ. ಆದರೆ ಪ್ರಾಚೀನ ಕಾಲದ ಹೆಚ್ಚಿನ ಪುಸ್ತಕಗಳು ಸತ್ತದ್ದು ಬೆಂಕಿಯಿಂದಲ್ಲ. ಅವುಗಳನ್ನು ಯಾರೂ ನಕಲು ಮಾಡಲಿಲ್ಲ, ಅಷ್ಟೆ.

ಲುಕ್ರೇಷಿಯಸ್‌ನ ಕಾಲದಲ್ಲಿ ಪುಸ್ತಕವೆಂದರೆ ಪಪೈರಸ್ ಸುರುಳಿ. ಪಪೈರಸ್ ಈಜಿಪ್ಟ್‌ನ ಒಣ ಮರಳಿನಲ್ಲಿ ಸಾವಿರಾರು ವರ್ಷ ಬಾಳುತ್ತದೆ. ಯುರೋಪಿನ ತೇವದ ಹವೆಯಲ್ಲಿ ಹಾಗಲ್ಲ. ಆಗಾಗ ಹೊಸ ಸುರುಳಿಗೆ ನಕಲು ಮಾಡದಿದ್ದರೆ ಹಳೆಯದು ತಾನಾಗಿ ಪುಡಿಯಾಗುತ್ತದೆ. ಮುಂದೆ ಸುರುಳಿಯ ಜಾಗಕ್ಕೆ ಹಾಳೆಗಳನ್ನು ಹೊಲಿದು ಕಟ್ಟಿದ ಪುಸ್ತಕ ಬಂತು, ಪಪೈರಸ್ ಜಾಗಕ್ಕೆ ಚರ್ಮದ ಹಾಳೆ ಬಂತು. ಚರ್ಮ ಗಟ್ಟಿ, ಆದರೆ ದುಬಾರಿ. ಯಾವ ಪುಸ್ತಕವನ್ನು ಹೊಸ ರೂಪಕ್ಕೆ ತರಬೇಕು, ಯಾವುದನ್ನು ಬಿಡಬೇಕು ಎಂದು ಆಯ್ದುಕೊಳ್ಳಲೇಬೇಕಾಯಿತು. ಬಿಟ್ಟವು ಹೋದವು.

ಇದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಲುಕ್ರೇಷಿಯಸ್‌ಗಿಂತ ಮೊದಲು ಎನ್ನಿಯಸ್ ಎಂಬ ಕವಿ ರೋಮ್‌ನ ಇತಿಹಾಸವನ್ನೇ ವಸ್ತುವಾಗಿಸಿ ‘ಅನ್ನಾಲೆಸ್’ ಎಂಬ 18 ಭಾಗಗಳ ಮಹಾಕಾವ್ಯ ಬರೆದಿದ್ದ. ರೋಮ್‌ನ ಹುಡುಗರು ಶಾಲೆಯಲ್ಲಿ ಅದನ್ನು ಓದುತ್ತಿದ್ದರು. ಅದರಲ್ಲಿ ಯಾರನ್ನೂ ಕೆರಳಿಸುವ ತತ್ವವೂ ಇರಲಿಲ್ಲ. ಇಂದು ಉಳಿದಿರುವುದು ಸುಮಾರು 600 ಸಾಲು ಮಾತ್ರ, ಅದೂ ಬೇರೆಯವರು ತಮ್ಮ ಪುಸ್ತಕಗಳಲ್ಲಿ ಉದ್ಧರಿಸಿದ್ದರಿಂದ. ಏನಾಯಿತು? ವರ್ಜಿಲ್‌ನ ‘ಈನಿಯಡ್’ ಬಂತು, ಶಾಲೆಗಳು ಅದಕ್ಕೆ ಬದಲಾದವು. ಎನ್ನಿಯಸ್‌ನನ್ನು ನಕಲು ಮಾಡುವ ಕೈಗಳು ಕಡಿಮೆಯಾದವು, ಕ್ರಮೇಣ ನಿಂತೇಹೋದವು. ರೋಮ್‌ನ ಹೆಮ್ಮೆಯ ಕಾವ್ಯವೇ ಹೀಗೆ ಹೋಗಬಹುದಾದರೆ, ಪರಮಾಣುಗಳ ಬಗ್ಗೆ ಬರೆದ ಕಷ್ಟದ ಕಾವ್ಯ ಉಳಿದದ್ದೇ ಆಶ್ಚರ್ಯ.

ಹಾಗಾದರೆ ಅದನ್ನು ಉಳಿಸಿದವರು ಯಾರು?

ಚರ್ಚ್ ನಾಶ ಮಾಡಿತೇ?

ಇಲ್ಲಿ ಕಥೆ ತಲೆಕೆಳಗಾಗುತ್ತದೆ. ಇಂದು ನಮ್ಮ ಬಳಿ ಇರುವ ಅತ್ಯಂತ ಹಳೆಯ ಎರಡು ಪೂರ್ಣ ಹಸ್ತಪ್ರತಿಗಳು 9ನೇ ಶತಮಾನದವು. ಎರಡೂ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಒಂದರ ಆಕಾರ ಉದ್ದ, ಅದನ್ನು ‘ಒಬ್ಲಾಂಗಸ್’ ಎನ್ನುತ್ತಾರೆ. ಇನ್ನೊಂದು ಚೌಕ, ಅದು ‘ಕ್ವಾಡ್ರಾಟಸ್’. ಸಮ್ರಾಟ ಶಾರ್ಲಮೇನ್ ಮತ್ತು ಅವನ ವಂಶದವರ ಆಳ್ವಿಕೆಯಲ್ಲಿ ಹಳೆಯ ಲ್ಯಾಟಿನ್ ಪುಸ್ತಕಗಳನ್ನು ಹುಡುಕಿ ನಕಲು ಮಾಡುವ ಕೆಲಸ ಜೋರಾಗಿ ನಡೆದಿತ್ತು. ಈ ಪ್ರತಿಗಳು ಆ ಕೆಲಸದ ಫಲ.

ಆ ಕಾಲದಲ್ಲಿ ಪಶ್ಚಿಮ ಯುರೋಪಿನಲ್ಲಿ ಲ್ಯಾಟಿನ್ ಓದಿ ಬರೆಯುವವರು ಹೆಚ್ಚಾಗಿ ಕ್ರೈಸ್ತ ಸನ್ಯಾಸಿಗಳು ಮತ್ತು ಪಾದ್ರಿಗಳು. ಒಬ್ಲಾಂಗಸ್ ಪ್ರತಿಯ ತಪ್ಪುಗಳನ್ನು ತಿದ್ದಿ, ಬಿಟ್ಟುಹೋದ ಸಾಲುಗಳನ್ನು ತುಂಬಿದವನು ಡುಂಗಾಲ್ ಎಂಬ ಐರಿಷ್ ವಿದ್ವಾಂಸ ಎಂದು ಅವನ ಕೈಬರಹದಿಂದ ಗುರುತಿಸಲಾಗಿದೆ. ಸತ್ತ ಮೇಲೆ ಆತ್ಮವೂ ಇಲ್ಲ ಎನ್ನುವ ಕಾವ್ಯವನ್ನು, ಆತ್ಮ ಅಮರ ಎಂದು ನಂಬಿದ ಮನುಷ್ಯ ಸಾಲು ಸಾಲಾಗಿ ತಿದ್ದುತ್ತಾ ಕೂತಿದ್ದ. 9ನೇ ಶತಮಾನದ ಮುರ್‌ಬಾಖ್ ಮಠದ ಪುಸ್ತಕಪಟ್ಟಿಯಲ್ಲೂ ಲುಕ್ರೇಷಿಯಸ್‌ನ ಹೆಸರಿದೆ. ಅದಕ್ಕೂ ಹಿಂದೆ, 7ನೇ ಶತಮಾನದಲ್ಲಿ, ಸೆವಿಲ್ ನಗರದ ಬಿಷಪ್ ಇಸಿಡೋರ್ ಪ್ರಕೃತಿಯ ಬಗ್ಗೆ ಬರೆಯುವಾಗ ಈ ಕಾವ್ಯದ ಸಾಲುಗಳನ್ನು ಬಳಸಿಕೊಂಡಿದ್ದಾನೆ.

ಹಾಗೆಂದು ಮಠಗಳೆಲ್ಲ ಈ ಕಾವ್ಯವನ್ನು ತಲೆಯ ಮೇಲೆ ಹೊತ್ತು ಮೆರೆಸಿದವು ಎನ್ನಲಾಗದು. 9ನೇ ಶತಮಾನದ ಬಳಿಕ ಓದುಗರು ತೀರಾ ವಿರಳ. ವರ್ಜಿಲ್‌ನ ಕಾವ್ಯದ 4, 5ನೇ ಶತಮಾನದ ಪ್ರತಿಗಳೇ ಹಲವು ಉಳಿದಿವೆ. ಲುಕ್ರೇಷಿಯಸ್‌ಗೆ ಅಷ್ಟು ಹಳೆಯ ಒಂದು ಪ್ರತಿಯೂ ಇಲ್ಲ. ‘ಮರೆತರು’ ಎಂದರೆ ಸರಿಯಾದೀತು, ‘ನಾಶ ಮಾಡಿದರು’ ಎನ್ನಲು ಆಧಾರವಿಲ್ಲ.

52 ಸಾಲುಗಳ ಲೆಕ್ಕ

ಈ ಕಾವ್ಯ ಎಷ್ಟು ತೆಳುವಾದ ಎಳೆಯ ಮೇಲೆ ನೇತಾಡುತ್ತಿತ್ತು ಎಂಬುದಕ್ಕೆ ಹಸ್ತಪ್ರತಿಗಳಲ್ಲೇ ಒಂದು ಸಾಕ್ಷಿ ಇದೆ. ಅದನ್ನು ಬಿಡಿಸಿಟ್ಟವರು ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್. 1850ರಲ್ಲಿ ಬರ್ಲಿನ್‌ನಲ್ಲಿ ಪ್ರಕಟವಾದ ಅವರ ಆವೃತ್ತಿ ಗ್ರಂಥಸಂಪಾದನೆಯ ಇತಿಹಾಸದಲ್ಲೇ ಹೆಸರಾದದ್ದು.

ಕ್ವಾಡ್ರಾಟಸ್ ಪ್ರತಿಯಲ್ಲಿ ಒಂದು ವಿಚಿತ್ರವಿದೆ. ಕಾವ್ಯದ ನಾಲ್ಕು ಭಾಗಗಳು ತಮ್ಮ ಜಾಗದಲ್ಲಿಲ್ಲ. ನಾಲ್ಕನ್ನೂ ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಬರೆಯಲಾಗಿದೆ. ಉಪಶೀರ್ಷಿಕೆಗಳನ್ನೂ ಸೇರಿಸಿ ಎಣಿಸಿದರೆ ಪ್ರತಿ ಭಾಗವೂ ಸರಿಯಾಗಿ 52 ಸಾಲು. ಒಬ್ಲಾಂಗಸ್ ಪ್ರತಿಯಲ್ಲಿ ಇವೇ ಸಾಲುಗಳು ಸರಿಯಾದ ಜಾಗದಲ್ಲಿವೆ.

ಏಕೆ ಹೀಗೆ? 52 ಎಂದರೆ 26ರ ಎರಡರಷ್ಟು. ಎರಡೂ ಪ್ರತಿಗಳಿಗೆ ಮೂಲವಾದ ಹಳೆಯ ಪುಸ್ತಕದಲ್ಲಿ ಪುಟಕ್ಕೆ 26 ಸಾಲು ಇದ್ದಿದ್ದರೆ, ಒಂದು ಹಾಳೆಯ ಎರಡು ಮುಖ ಸೇರಿ 52 ಸಾಲು ಆಗುತ್ತದೆ. ಮೊದಲು ಒಬ್ಲಾಂಗಸ್ ಪ್ರತಿ ತಯಾರಾಯಿತು. ಆಮೇಲೆ ಮೂಲ ಪುಸ್ತಕದ ಹೊಲಿಗೆ ಸಡಿಲವಾಗಿ ನಾಲ್ಕು ಹಾಳೆಗಳು ಕಳಚಿ ಬಿದ್ದವು. ಎಲ್ಲಿ ಸೇರಬೇಕು ಎಂದು ತಿಳಿಯದೆ ಯಾರೋ ಅವನ್ನು ಕೊನೆಯಲ್ಲಿ ಸಿಕ್ಕಿಸಿಟ್ಟರು. ಮುಂದಿನ ಲಿಪಿಕಾರ ಕಂಡದ್ದನ್ನು ಕಂಡ ಹಾಗೆ ನಕಲು ಮಾಡಿದ.

ಹಾಳೆ ಕಳಚಿದ ಆ ಪುಸ್ತಕ ಇಂದು ಎಲ್ಲೂ ಇಲ್ಲ. ಆದರೂ ಅದರ ಪುಟಕ್ಕೆ ಎಷ್ಟು ಸಾಲಿತ್ತು ಎಂದು ನಾವು ಹೇಳಬಲ್ಲೆವು. ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಇಂದು ಜಗತ್ತಿನಲ್ಲಿರುವ ಲುಕ್ರೇಷಿಯಸ್‌ನ ಎಲ್ಲ ಪ್ರತಿಗಳೂ ಹಿಂದಕ್ಕೆ ಹೋದರೆ ಅದೊಂದೇ ಪುಸ್ತಕಕ್ಕೆ ಸೇರುತ್ತವೆ. ಕಳಚಿ ಬಿದ್ದದ್ದು ನಾಲ್ಕು ಹಾಳೆ. ನಕಲಾಗುವ ಮೊದಲೇ ಇಡೀ ಪುಸ್ತಕ ಹೋಗಿದ್ದರೆ ಮುಂದೆ ಹುಡುಕಲು ಯಾರಿಗೂ ಏನೂ ಇರುತ್ತಿರಲಿಲ್ಲ.

1417ರಲ್ಲಿ ನಿಜವಾಗಿ ನಡೆದದ್ದು

ಈಗ ಕಥೆಯ ನಾಯಕನ ಬಳಿಗೆ ಬರೋಣ. ಪೊಜ್ಜೊ ಬ್ರಾಚ್ಚೊಲೀನಿ ಇಟಲಿಯವನು. ಸುಂದರ ಕೈಬರಹಕ್ಕೆ ಹೆಸರಾದವನು, ಪೋಪ್ ಕಚೇರಿಯ ನೌಕರ. ಕಾನ್‌ಸ್ಟೆನ್ಸ್ ನಗರದಲ್ಲಿ ನಡೆಯುತ್ತಿದ್ದ ಧರ್ಮಸಭೆ 1415ರಲ್ಲಿ ಅವನ ಯಜಮಾನನನ್ನೇ ಪದವಿಯಿಂದ ಇಳಿಸಿತು. ಕೈ ಖಾಲಿಯಾದ ಪೊಜ್ಜೊ ಸುತ್ತಮುತ್ತಲ ಮಠಗಳಲ್ಲಿ ಹಳೆಯ ಪುಸ್ತಕಗಳನ್ನು ಹುಡುಕತೊಡಗಿದ. 1417ರಲ್ಲಿ ಜರ್ಮನ್ ಸೀಮೆಯ ಮಠವೊಂದರಲ್ಲಿ ಲುಕ್ರೇಷಿಯಸ್ ಸಿಕ್ಕಿತು.

ಇಷ್ಟು ನಿಜ. ಆದರೆ ಅವನು ಆ ಪುಸ್ತಕವನ್ನು ಎತ್ತಿಕೊಂಡು ಬರಲಿಲ್ಲ. ಅದರ ನಕಲು ಮಾಡಿಸಿ, ಫ್ಲಾರೆನ್ಸ್‌ನಲ್ಲಿದ್ದ ಗೆಳೆಯ ನಿಕ್ಕೊಲೊ ನಿಕ್ಕೊಲಿಗೆ ಕಳುಹಿಸಿದ. ನಿಕ್ಕೊಲಿ ತನ್ನ ಕೈಯಾರೆ ಇನ್ನೊಂದು ನಕಲು ಮಾಡಿಕೊಂಡ. ಅದು ಇಂದಿಗೂ ಫ್ಲಾರೆನ್ಸ್‌ನ ಲಾರೆನ್ಷಿಯನ್ ಗ್ರಂಥಾಲಯದಲ್ಲಿದೆ. ಆದರೆ ಪೊಜ್ಜೊನ ಪ್ರತಿಯನ್ನು ಹಿಂತಿರುಗಿಸಲಿಲ್ಲ. ಪುಸ್ತಕ ಎರವಲು ಕೊಟ್ಟು ಕಾದವರಿಗೆ ಪೊಜ್ಜೊನ ಸಂಕಟ ಅರ್ಥವಾದೀತು: ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಪತ್ರ ಬರೆದು ಕೇಳುತ್ತಲೇ ಇದ್ದ. ಮಠದಲ್ಲಿದ್ದ ಮೂಲವೂ ಪೊಜ್ಜೊ ಮಾಡಿಸಿದ ನಕಲೂ ಇಂದು ಇಲ್ಲ. ಆದರೆ ಆ ನಕಲಿನಿಂದ ಹುಟ್ಟಿದ 15ನೇ ಶತಮಾನದ ಐವತ್ತಕ್ಕೂ ಹೆಚ್ಚು ಪ್ರತಿಗಳು ಉಳಿದಿವೆ.

‘ಕಟ್ಟಕಡೆಯ ಪ್ರತಿ’ ಎಂಬ ಮಾತು ನಿಲ್ಲದಿರುವುದು ಇಲ್ಲಿಯೇ. ಒಬ್ಲಾಂಗಸ್ ಮತ್ತು ಕ್ವಾಡ್ರಾಟಸ್ ಎರಡೂ ಆಗಲೂ ಇದ್ದವು. 1479ರಲ್ಲಿ ಒಬ್ಲಾಂಗಸ್ ಜರ್ಮನಿಯ ಮೈಂಟ್ಸ್ ನಗರದ ಸೇಂಟ್ ಮಾರ್ಟಿನ್ ಚರ್ಚಿನ ಗ್ರಂಥಾಲಯದ ಸ್ವತ್ತಾಗಿತ್ತು ಎಂದು ಅದರ ಮೇಲೆಯೇ ಬರೆದಿದೆ. ಪೊಜ್ಜೊ ಇಲ್ಲದಿದ್ದರೂ ಕಾವ್ಯ ಎಲ್ಲೋ ಒಂದು ಕಪಾಟಿನಲ್ಲಿ ಇರುತ್ತಿತ್ತು. ಅವನು ಮಾಡಿದ್ದು ಬೇರೆ ಕೆಲಸ: ಕಪಾಟಿನಲ್ಲಿದ್ದುದನ್ನು ಓದುಗರ ನಡುವೆ ತಂದ. ಅದೂ ಸರಿಯಾದ ಹೊತ್ತಿಗೆ. ಇನ್ನು ಅರ್ಧ ಶತಮಾನದಲ್ಲಿ ಇಟಲಿಗೆ ಅಚ್ಚಿನ ಯಂತ್ರ ಬರುವುದಿತ್ತು.

ಪೊಜ್ಜೊನ ಸಾಹಸ ಇತ್ತೀಚೆಗೆ ಇಷ್ಟು ಜನಪ್ರಿಯವಾಗಲು ಸ್ಟೀಫನ್ ಗ್ರೀನ್‌ಬ್ಲಾಟ್ ಅವರ 2011ರ ‘ದ ಸ್ವರ್ವ್’ ಪುಸ್ತಕ ದೊಡ್ಡ ಕಾರಣ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಮಧ್ಯಯುಗವನ್ನು ಅಧ್ಯಯನ ಮಾಡುವ ಹಲವರು ಆ ಪುಸ್ತಕವನ್ನು ಟೀಕಿಸಿದ್ದಾರೆ. ಒಂದು ಕಾವ್ಯ ಸಿಕ್ಕಿದ್ದರಿಂದ ಇಡೀ ಯುಗ ತಿರುಗಿತು ಎನ್ನಲಾಗದು ಎಂಬುದು ಅವರ ಆಕ್ಷೇಪ.

ಕೈಬರಹದಿಂದ ಅಚ್ಚಿಗೆ

ಲುಕ್ರೇಷಿಯಸ್ ಮೊದಲು ಅಚ್ಚಾದದ್ದು ಸುಮಾರು 1473ರಲ್ಲಿ, ಉತ್ತರ ಇಟಲಿಯ ಬ್ರೆಶಾ ನಗರದಲ್ಲಿ, ತೊಮ್ಮಾಸೊ ಫೆರ್ರಾಂಡೊ ಎಂಬ ಮುದ್ರಕನ ಅಚ್ಚುಕೂಟದಲ್ಲಿ. ಆಮೇಲೆ 1486ರಲ್ಲಿ ವೆರೋನಾದಲ್ಲಿ, 1495ರಲ್ಲಿ ವೆನಿಸ್‌ನಲ್ಲಿ, 1500ರಲ್ಲಿ ವೆನಿಸ್‌ನ ಪ್ರಸಿದ್ಧ ಮುದ್ರಕ ಆಲ್ಡಸ್ ಮನೂಷಿಯಸ್‌ನಿಂದ ಅಚ್ಚಾಯಿತು. ಆಲ್ಡಸ್ 1515ರಲ್ಲಿ ಇದನ್ನು ಮತ್ತೆ ಹೊರತಂದ. ಸಾಯುವ ಮುನ್ನ ಅವನು ಪ್ರಕಟಿಸಿದ ಕೊನೆಯ ಪುಸ್ತಕ ಅದೇ.

ಅಚ್ಚು ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಆರಂಭದ ಮುದ್ರಕರ ಕೈಗೆ ಸಿಕ್ಕಿದ್ದು ಪೊಜ್ಜೊನ ನಕಲಿನಿಂದ ಹುಟ್ಟಿದ, ತಪ್ಪು ತುಂಬಿದ ಪ್ರತಿಗಳು. ಒಬ್ಬ ಲಿಪಿಕಾರನ ತಪ್ಪು ಒಂದು ಪ್ರತಿಯಲ್ಲಿರುತ್ತಿತ್ತು. ಅಚ್ಚಿನಲ್ಲಿ ಅದೇ ತಪ್ಪು ನೂರಾರು ಪ್ರತಿಗಳಿಗೆ ಹರಡಿತು. ಮುದ್ರಣ ಹುಟ್ಟಿದ ಊರು ಮೈಂಟ್ಸ್, ಗುಟೆನ್‌ಬರ್ಗ್ ಸುಮಾರು 1455ರಲ್ಲಿ ಬೈಬಲ್ ಮುದ್ರಿಸಿದ್ದು ಅಲ್ಲೇ. 1479ರಲ್ಲಿ, ಅಂದರೆ ಬ್ರೆಶಾದ ಪುಸ್ತಕ ಬಂದು ಕೆಲವು ವರ್ಷಗಳಾದ ಮೇಲೂ, ಲುಕ್ರೇಷಿಯಸ್‌ನ ಅತಿ ಮುಖ್ಯ ಹಸ್ತಪ್ರತಿ ಆ ಊರಿನ ಚರ್ಚಿನಲ್ಲೇ ಇತ್ತು.

ಆದರೂ ಅಚ್ಚಿನಿಂದ ಒಂದು ದೊಡ್ಡ ಲಾಭವಾಯಿತು. ಬೇರೆ ಬೇರೆ ಊರಿನ ಓದುಗರು ಒಂದೇ ಪುಟದ ಒಂದೇ ಸಾಲನ್ನು ನೋಡಿ ‘ಇದು ತಪ್ಪು’ ಎನ್ನಲು ಸಾಧ್ಯವಾಯಿತು. ಪಾಠಾಂತರಗಳನ್ನು ಹೋಲಿಸಿ ಒಂದೊಂದು ಆವೃತ್ತಿಯೂ ಹಿಂದಿನದನ್ನು ತಿದ್ದುತ್ತಾ ಹೋಯಿತು. 1563ರಲ್ಲಿ ಪ್ಯಾರಿಸ್‌ನಲ್ಲಿ ಡೆನಿ ಲಾಂಬ್ಯಾಂ ಹೊರತಂದ ಆವೃತ್ತಿ ಅವುಗಳಲ್ಲಿ ಮಹತ್ವದ್ದು. ಅದರ ಒಂದು ಪ್ರತಿಯನ್ನು ಫ್ರೆಂಚ್ ಲೇಖಕ ಮೊಂತೇನ್ ಕೊಂಡು, ಅಂಚುಗಳ ತುಂಬ ಟಿಪ್ಪಣಿ ಬರೆದಿದ್ದ. ಅದು ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ನಿಷೇಧ ಇರಲೇ ಇಲ್ಲವೇ?

ಇತ್ತು, ಆದರೆ ಕಥೆಯಲ್ಲಿ ಹೇಳುವಷ್ಟಲ್ಲ. 1516-17ರ ಫ್ಲಾರೆನ್ಸ್ ಧರ್ಮಸಭೆ ಶಾಲೆಗಳಲ್ಲಿ ಲುಕ್ರೇಷಿಯಸ್ ಓದಿಸಬಾರದು ಎಂದಿತು. ಇದು ನಿಜ. ಆದರೆ ಅದಕ್ಕೂ ಮೊದಲು, 1483ರಲ್ಲಿ, ಪೋಪ್ 4ನೇ ಸಿಕ್ಸ್‌ಟಸ್‌ಗಾಗಿ ಇದೇ ಕಾವ್ಯದ ಹಸ್ತಪ್ರತಿಯೊಂದನ್ನು ಬರೆಯಲಾಗಿತ್ತು. ಅದು ಇಂದಿಗೂ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

1557ರಲ್ಲಿ ರೋಮ್‌ನ ಇನ್‌ಕ್ವಿಸಿಷನ್‌ನ ಮುಖ್ಯಸ್ಥರಲ್ಲಿ ಒಬ್ಬನಾಗಿದ್ದ ಮಿಕೇಲೆ ಗಿಸ್ಲಿಯೆರಿ ಬರೆದ ಪತ್ರವೊಂದು ಉಳಿದಿದೆ. ಇಂಥ ಪುಸ್ತಕಗಳನ್ನು ಜನ ನಂಬುವುದಕ್ಕೆಂದು ಓದುವುದಿಲ್ಲ, ಕಟ್ಟುಕಥೆ ಎಂದೇ ಓದುತ್ತಾರೆ, ನಿಷೇಧಿಸಿದರೆ ನಾವೇ ನಗೆಪಾಟಲಾಗುತ್ತೇವೆ ಎಂಬರ್ಥದ ಮಾತು ಅದರಲ್ಲಿದೆ. ಲುಕ್ರೇಷಿಯಸ್‌ನ ಹೆಸರೂ ಅಲ್ಲಿ ಬರುತ್ತದೆ. ಈ ಗಿಸ್ಲಿಯೆರಿಯೇ ಮುಂದೆ ಪೋಪ್ 5ನೇ ಪಯಸ್ ಆದ. ಲ್ಯಾಟಿನ್ ಮೂಲ ರೋಮ್‌ನ ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಲೇ ಇಲ್ಲ. ಸೇರಿದ್ದು ಅಲೆಸ್ಸಾಂಡ್ರೊ ಮಾರ್ಕೆಟ್ಟಿಯ ಇಟಾಲಿಯನ್ ಅನುವಾದ. ಅದು 1717ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು, ಮರುವರ್ಷವೇ ಪಟ್ಟಿ ಸೇರಿತು. ಲ್ಯಾಟಿನ್ ಬಲ್ಲ ಪಂಡಿತರು ಓದಿದರೆ ಚಿಂತೆಯಿಲ್ಲ, ಜನರ ಭಾಷೆಗೆ ಬಂದರೆ ಕಷ್ಟ! ಅಧಿಕಾರದಲ್ಲಿರುವವರ ಭಯ ಎಲ್ಲಿರುತ್ತದೆ ಎಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ.

ಹಾಗಾದರೆ ಏನು ನಂಬಬೇಕು?

ಪೊಜ್ಜೊ 1417ರಲ್ಲಿ ಈ ಕಾವ್ಯವನ್ನು ಕಂಡು ಮತ್ತೆ ಓದುಗರಿಗೆ ತಲುಪಿಸಿದ್ದು ನಿಜ. ಅವನು ಕಂಡದ್ದು ಜಗತ್ತಿನ ಕೊನೆಯ ಪ್ರತಿ ಎಂಬುದು ತಪ್ಪು. ಚರ್ಚ್ ಇದನ್ನು ಹುಡುಕಿ ನಾಶ ಮಾಡಿತು ಎಂಬುದಕ್ಕೆ ಆಧಾರವಿಲ್ಲ. ಉಳಿದಿರುವ ಹಳೆಯ ಪ್ರತಿಗಳು ಮಠ, ಚರ್ಚುಗಳ ಕಪಾಟುಗಳಿಂದಲೇ ಬಂದವು. ಶಾಲೆಗಳಲ್ಲಿ ನಿರ್ಬಂಧ, ಅನುವಾದಕ್ಕೆ ನಿಷೇಧ ಇದ್ದದ್ದು ನಿಜ.

ಇಂಥ ಕಥೆ ಮುಂದೆ ಎದುರಾದಾಗ ಮೂರು ಪ್ರಶ್ನೆ ಕೇಳಿ. ಈಗ ಉಳಿದಿರುವ ಅತಿ ಹಳೆಯ ಪ್ರತಿ ಯಾವುದು? ಅದನ್ನು ಬರೆದವರು ಯಾರು? ಅದು ಇಷ್ಟು ಕಾಲ ಯಾರ ಬಳಿ ಇತ್ತು? ಬೆಂಕಿಯ ಕಥೆಗಳಲ್ಲಿ ಹೆಚ್ಚಿನವು ಈ ಮೂರು ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ.

ಬೆಂಕಿಯ ಕಥೆ ನಮಗೆ ಒಂದು ಬಗೆಯ ನೆಮ್ಮದಿಯನ್ನೂ ಕೊಡುತ್ತದೆ. ತಪ್ಪೆಲ್ಲ ಸುಟ್ಟವರದು, ಸುಡುವವರನ್ನು ತಡೆದರೆ ಸಾಕು ಎನ್ನಿಸುತ್ತದೆ. ಎನ್ನಿಯಸ್‌ನ ಕಾವ್ಯಕ್ಕೆ ಆದದ್ದು ಅದಲ್ಲ. ಅದನ್ನು ಯಾರೂ ದ್ವೇಷಿಸಲಿಲ್ಲ. ಪ್ರತಿಯೊಬ್ಬರೂ ಬೇರೆ ಯಾರೋ ನಕಲು ಮಾಡುತ್ತಾರೆ ಎಂದುಕೊಂಡಿರಬೇಕು. ಲುಕ್ರೇಷಿಯಸ್‌ನ ಕಾವ್ಯ ಉಳಿದದ್ದು, ಅದರ ಮಾತನ್ನು ಒಪ್ಪದ ಮನುಷ್ಯನೂ ಪುಟಕ್ಕೆ ಪುಟ ತಿದ್ದುತ್ತಾ ಕುಳಿತದ್ದರಿಂದ.